ಯಾವ ಕಾಡಿನ ಮಣ್ಣಲ್ಲಿ ಇಂಗಾಲ ಹೆಚ್ಚು?

ಪ್ರಶ್ನೆ: ನಮ್ಮ ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಾಡುಮಣ್ಣು ಕೆಂಪು, ಬಿಳಿಗಿರಿರಂಗನ ಬೆಟ್ಟದ ಶೋಲಾ ಕಾಡಿನದು ಕಪ್ಪು. ಇಂಗಾಲ ಎಲ್ಲಿ ಹೆಚ್ಚು?

ಉತ್ತರ: ಶೋಲಾದಲ್ಲಿ, ಅಂದರೆ ಎತ್ತರದ ಬೆಟ್ಟಗಳ ನಿತ್ಯಹಸಿರು ಕಾಡಿನಲ್ಲಿ; ಅನುಮಾನವೇ ಬೇಡ. ಅಲ್ಲಿ ತರಗೆಲೆ ಸರಿಸಿದರೆ ಕಾಣುವುದು ಒದ್ದೆಯಾದ, ಹಗುರವಾದ, ಎಳೆಬೇರುಗಳು ಹೆಣೆದುಕೊಂಡ ಕರಿಮಣ್ಣು. ಬೆಟ್ಟದ ಮೇಲಿನ ತಂಪಿನಲ್ಲಿ ಸೂಕ್ಷ್ಮಾಣುಗಳ ಕೆಲಸ ನಿಧಾನ. ಉದುರಿದ್ದು ಪೂರ್ತಿ ಕೊಳೆಯುವ ಮೊದಲೇ ಮತ್ತಷ್ಟು ಉದುರುತ್ತದೆ. ಹೀಗೆ ಇಂಗಾಲ ಶೇಖರವಾಗುತ್ತಾ ಹೋಗುತ್ತದೆ.

ಬಂಡೀಪುರಕ್ಕೆ ಸೇರಿದ ಹೆಡಿಯಾಲದ್ದು ಎಲೆ ಉದುರಿಸುವ ಒಣಕಾಡು. ತೇಗ, ಮತ್ತಿ, ದಿಂಡಿಗ ಬೇಸಿಗೆಯಲ್ಲಿ ಬೋಳಾಗುತ್ತವೆ. ತರಗೆಲೆಗೆ ಬರವಿಲ್ಲ, ಆದರೆ ಅದು ಮಣ್ಣು ಸೇರುವುದು ಕಡಿಮೆ. ಗೆದ್ದಲು ತಿನ್ನುತ್ತದೆ, ಮಳೆ ಬಿದ್ದೊಡನೆ ಬಿಸಿನೆಲದಲ್ಲಿ ಬೇಗ ಕೊಳೆತು ಇಂಗಾಲ ಗಾಳಿಗೆ ಮರಳುತ್ತದೆ. ಕಾಳ್ಗಿಚ್ಚು ಬಂದರಂತೂ ವರ್ಷದ ತರಗೆಲೆಯೆಲ್ಲ ಕೆಲವೇ ಗಂಟೆಗಳಲ್ಲಿ ಬೂದಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಆದ ಬೆಂಕಿ ಅನಾಹುತವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇನ್ನು ಹೆಡಿಯಾಲದ ಮಣ್ಣಿನ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು.

ಹಾಗೆಂದು ಕಪ್ಪಾಗಿದ್ದರೆಲ್ಲ ಇಂಗಾಲ ತುಂಬಿದೆ ಎಂದಲ್ಲ. ನಿಮ್ಮ ತಾಲ್ಲೂಕಿನಲ್ಲೂ ತಿ. ನರಸೀಪುರದಲ್ಲೂ ಇರುವ ಎರೆಮಣ್ಣು ಕಪ್ಪಾದರೂ ಅದರ ಸಾವಯವ ಇಂಗಾಲ ಕಡಿಮೆಯಿರಬಹುದು. ಅದರಲ್ಲಿ ಸಿಗುವ ಸುಣ್ಣಕಲ್ಲಿನ ಹರಳುಗಳಲ್ಲೂ ಇಂಗಾಲವಿದೆ, ಆದರೆ ಬೆಳೆಗೆ ಗೊಬ್ಬರವಾಗುವ ಬಗೆಯದಲ್ಲ.

ಹಾಗಾಗಿ ನಿಮ್ಮ ಹೊಲದ ಮಣ್ಣನ್ನು ಬಣ್ಣದಿಂದ ಅಳೆಯಬೇಡಿ; ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕೊರತೆ, 0.75 ದಾಟಿದರೆ ಸಮೃದ್ಧ. ಕಾಡಿಗೆ ಬೀಳುವ ಬೆಂಕಿಯನ್ನು ಹೊಲಕ್ಕೆ ನೀವೇ ಇಡಬೇಡಿ. ಕಬ್ಬು ಕಡಿದ ಮೇಲೆ ತರಗನ್ನು ಸುಡದೆ ಸಾಲುಗಳ ನಡುವೆ ಹಾಸಿ.