ಉಪ್ಪುಗಾಳಿಯ ಊರಿನಲ್ಲಿ ಹೆಡರ್ ಆಯ್ಕೆ

ಬೈಂದೂರಿನ ಓದುಗರೊಬ್ಬರು ಕೇಳಿದ್ದಾರೆ: “ಅಪ್ಪಯ್ಯ ಬಾಡಿಗೆಗೆ ಓಡಿಸುತ್ತಿದ್ದ ಪೆಟ್ರೋಲ್ ಅಂಬಾಸಿಡರ್ ಇನ್ನೂ ಮನೆಯಲ್ಲಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆ. ಪೈಪ್ ಬಗ್ಗಿಸಿ ಹೆಡರ್ ಮಾಡಿಕೊಡುತ್ತೇವೆ ಅಂತ ಕುಂದಾಪುರದಲ್ಲಿ ಹೇಳುತ್ತಾರೆ. ಬೆಂಗಳೂರಿನಿಂದ ಸ್ಟೇನ್‌ಲೆಸ್ ಸ್ಟೀಲಿನದು ತರಿಸಿದರೆ ಬೆಲೆ ಅದರ ನಾಲ್ಕೈದು ಪಟ್ಟು. ಆದರೆ ಪಿಕಪ್ಪೂ ಮೈಲೇಜೂ ಜಾಸ್ತಿಯಾಗುತ್ತದಂತೆ. ಹೌದಾ? ಯಾವುದನ್ನು ಹಾಕಿಸಲಿ?”

ಪಿಕಪ್ಪಿನ ಮಾತಿನಿಂದಲೇ ಶುರು ಮಾಡೋಣ. ಹೆಡರ್ ಅಂದರೆ ಮ್ಯಾನಿಫೋಲ್ಡಿನ ಬದಲಿಗೆ ಕೂರಿಸುವ, ಪೈಪು ಬಗ್ಗಿಸಿ ಬೆಸೆದ ಜೋಡಣೆ. ಅದನ್ನು ಮಾರುವವರು ಹೇಳುವುದರಲ್ಲಿ ಸತ್ಯ ಇಲ್ಲವೆಂದಲ್ಲ. ಇದೆ, ಬಹಳ ಚೆಂದದ ಸತ್ಯವೇ ಇದೆ. ಆದರೆ ಅದು ನಮ್ಮ ಹೆದ್ದಾರಿಯಲ್ಲಿ ಅಂಬಾಸಿಡರ್ ಓಡುವ ವೇಗದಲ್ಲಿ ಕೈಗೆ ಸಿಗುವಂಥದ್ದಲ್ಲ.

ಎಕ್ಸಾಸ್ಟ್ ವಾಲ್ವ್ ತೆರೆಯುವಾಗ ಸಿಲಿಂಡರಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಆ ಒತ್ತಡ ಒಂದು ಅಲೆಯಾಗಿ, ಹೆಚ್ಚುಕಡಿಮೆ ಶಬ್ದದ ವೇಗದಲ್ಲಿ, ಪೈಪಿನಲ್ಲಿ ಓಡುತ್ತದೆ. ಸಾಮಾನ್ಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಆಸುಪಾಸು. 700 ಡಿಗ್ರಿ ಸೆಲ್ಸಿಯಸ್ ಬಿಸಿಯ ಹೊಗೆಯಲ್ಲಿ ಅದು ಸುಮಾರು 600 ಮೀಟರ್. ಪೈಪು ಮುಗಿದು ಅಗಲವಾದ ಜಾಗ ಸಿಕ್ಕಲ್ಲಿ ಅಲೆ ಅಲ್ಲಿಗೇ ನಿಲ್ಲುವುದಿಲ್ಲ, ತಿರುಗಿ ಬರುತ್ತದೆ. ಬರುವಾಗ ಅದರ ಗುಣ ತಲೆಕೆಳಗಾಗಿರುತ್ತದೆ: ಹೋದದ್ದು ಒತ್ತಡ, ಬರುವುದು ಸೆಳೆತ. ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮೊದಲು, ಇನ್‌ಟೇಕ್ ವಾಲ್ವ್ ತೆರೆಯುವ ಹೊತ್ತಿಗೆ ಸರಿಯಾಗಿ ಈ ಸೆಳೆತ ಬಂದು ತಲುಪಿದರೆ, ಒಳಗೆ ಉಳಿದ ಹೊಗೆ ಹೊರಗೆ ಬರುತ್ತದೆ, ಅದರ ಬೆನ್ನಿಗೆ ಹೊಸ ಪೆಟ್ರೋಲ್-ಗಾಳಿ ಒಳಗೆ ನುಗ್ಗುತ್ತದೆ.

ಮರವಂತೆಯಲ್ಲೋ ತ್ರಾಸಿಯಲ್ಲೋ ದಡದಿಂದ ನಾಡದೋಣಿ ನೀರಿಗಿಳಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೋಣಿಯ ಎರಡೂ ಮಗ್ಗುಲು ಹಿಡಿದು ನಿಂತವರು ಸುಮ್ಮನೆ ತಳ್ಳುವುದಿಲ್ಲ. ಅಲೆ ಬಂದು ದೋಣಿಯ ಬುಡ ಎತ್ತಬೇಕು, ಆಮೇಲೆ ನೀರು ಹಿಂದಕ್ಕೆ ಸರಿಯಬೇಕು. ಆ ಗಳಿಗೆಗೆ ತಳ್ಳಿದರೆ ಕಡಲೇ ದೋಣಿಯನ್ನು ಎಳೆದುಕೊಂಡು ಹೋಗುತ್ತದೆ. ಒಂದು ಅಲೆ ಮುಂಚೆ ತಳ್ಳಿದರೆ ಅಷ್ಟೇ ಶಕ್ತಿಯ ನೀರು ದೋಣಿಯನ್ನು ಮರಳಿಗೆ ವಾಪಸ್ ಎಸೆಯುತ್ತದೆ. ತಳ್ಳುವವರ ತೋಳ್ಬಲ ಎರಡು ಸಲವೂ ಒಂದೇ. ಹೆಡರಿನ ಪೈಪಿಗೂ ಮುಖ್ಯವಾದದ್ದು ಈ ಗಳಿಗೆಯೇ, ಮತ್ತು ಅದನ್ನು ನಿರ್ಧರಿಸುವುದು ಪೈಪಿನ ಉದ್ದ. ಪೈಪಿನ ಬೆಲೆಗೂ ಹೊಳಪಿಗೂ ಅದರಲ್ಲಿ ಪಾತ್ರವಿಲ್ಲ.

ಲೆಕ್ಕ ಹಾಕಿ ನೋಡಿ. ವಾಲ್ವ್ ತೆರೆದ ಮೇಲೆ ಕ್ರ್ಯಾಂಕ್ ಸುಮಾರು 120 ಡಿಗ್ರಿ ತಿರುಗುವಷ್ಟರಲ್ಲಿ ಸೆಳೆತ ಹಿಂದೆ ಬಂದರೆ ಒಳ್ಳೆಯದು ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 6000 ಸುತ್ತಿನಲ್ಲಿ ಇದಕ್ಕೆ ಸಿಗುವ ಸಮಯ ಸೆಕೆಂಡಿನ ಮುನ್ನೂರನೇ ಒಂದು ಭಾಗ. ಅಷ್ಟರಲ್ಲಿ ಅಲೆ 2 ಮೀಟರ್ ಓಡುತ್ತದೆ. ಹೋಗಿ ಬರುವ ದಾರಿ ಅದು, ಹಾಗಾಗಿ ಪೈಪು 1 ಮೀಟರ್ ಸಾಕು. ಆದರೆ 2500 ಸುತ್ತಿನಲ್ಲಿ ಇದೇ ಕೆಲಸಕ್ಕೆ ಸುಮಾರು 2.4 ಮೀಟರ್ ಪೈಪು ಬೇಕು. ಅಂಬಾಸಿಡರಿನ ಬಾನೆಟ್ಟಿನೊಳಗೆ ಅದನ್ನು ಎಲ್ಲಿ ಇಡುವುದು? ಬ್ರಹ್ಮಾವರದಿಂದ ಬೈಂದೂರಿನವರೆಗೆ, ಐವತ್ತು ಕಿಲೋಮೀಟರಿಗೂ ಮೇಲೆ, ಈ ಕಾರು ಓಡುವುದು ಹೆಚ್ಚುಕಡಿಮೆ ಅದೇ ಸುತ್ತಿನಲ್ಲಿ. 1489 ಸಿಸಿ ಎಂಜಿನ್ನು ತನ್ನ ಪೂರ್ತಿ ಶಕ್ತಿ, ಅಂದರೆ ಸುಮಾರು 50 ಅಶ್ವಶಕ್ತಿ, ಕೊಡುವುದೇ 4200 ಸುತ್ತಿನ ಸುತ್ತಮುತ್ತ. 6000ಕ್ಕೆ ಹೊಂದಿಸಿದ ಹೆಡರ್ ಇದಕ್ಕೆ ಏನು ಮಾಡೀತು?

ಈ ಅಲೆಯ ವಿದ್ಯೆಯನ್ನು ಕಂಡುಕೊಂಡವರ ಕತೆ ನನಗೆ ಬಹಳ ಇಷ್ಟ. 1930ರ ದಶಕದಲ್ಲಿ ಮಿಶೆಲ್ ಕಾಡೆನಾಸಿ ಎಂಬ ಎಂಜಿನಿಯರ್ ಹೊಗೆ ಹೊರನುಗ್ಗುವ ರಭಸವೇ ಸಿಲಿಂಡರನ್ನು ಖಾಲಿ ಮಾಡಬಲ್ಲದು ಎಂದು ತೋರಿಸಿ ಪೇಟೆಂಟ್ ಪಡೆದ. ಅದನ್ನು ಕಲೆಯ ಮಟ್ಟಕ್ಕೆ ಏರಿಸಿದವನು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಎಂ.ಝಡ್. ಬೈಕು ಕಾರ್ಖಾನೆಯ ಪುಟ್ಟ ರೇಸ್ ವಿಭಾಗದಲ್ಲಿ, ಹಣದ ಬಲವಿಲ್ಲದೆ, 1950ರ ದಶಕದುದ್ದಕ್ಕೂ ಆತ ಟೂ-ಸ್ಟ್ರೋಕ್ ಎಂಜಿನ್ನುಗಳಿಗೆ ಹೊಟ್ಟೆ ಉಬ್ಬಿದ ಸೈಲೆನ್ಸರುಗಳನ್ನು ತಿದ್ದಿ ತೀಡಿದ. 1961ರಲ್ಲಿ ಅವನ 125 ಸಿಸಿ ಬೈಕು 25 ಅಶ್ವಶಕ್ತಿ ಕೊಡುತ್ತಿತ್ತು, ಲೀಟರಿಗೆ 200ರ ಲೆಕ್ಕ. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನ ಹೊತ್ತಿಗೆ ಪಶ್ಚಿಮಕ್ಕೆ ಪಲಾಯನ ಮಾಡಿ ಸುಝುಕಿ ಸೇರಿದ, ಕಾಡೆನ್‌ನ ಗುಟ್ಟೂ ಅವನೊಂದಿಗೆ ಹೋಯಿತು. ಮರುವರ್ಷ ಡೆಗ್ನರ್ ಸುಝುಕಿಯ 50 ಸಿಸಿ ಬೈಕಿನಲ್ಲಿ ವಿಶ್ವ ಚಾಂಪಿಯನ್ ಆದ. ನಮ್ಮ ಊರುಗಳಲ್ಲಿ ಈಗಲೂ ಜನ ಜೋಪಾನ ಮಾಡಿ ಇಟ್ಟುಕೊಂಡಿರುವ ಯಮಹಾ ಆರ್‌ಎಕ್ಸ್ 100ರ ಸೈಲೆನ್ಸರಿನಲ್ಲೂ ಆ ವಿದ್ಯೆಯ ಅಂಶವಿದೆ. ಇಷ್ಟೆಲ್ಲ ಸಾಧನೆ ನಡೆದದ್ದು ಒಂದು ನಿರ್ದಿಷ್ಟ ಸುತ್ತಿಗೆ, ಒಂದು ನಿರ್ದಿಷ್ಟ ಎಂಜಿನ್ನಿಗೆ ಪೈಪನ್ನು ಅಳೆದು ಕತ್ತರಿಸಿ. “ಎಲ್ಲಾ ಕಾರಿಗೂ ಆಗುತ್ತದೆ” ಎಂದು ಮಾರುವ ಹೆಡರಿನಲ್ಲಿ ಆ ಅಳತೆ ಎಲ್ಲಿಂದ ಬರಬೇಕು?

ಅಂಬಾಸಿಡರಿನ ಬಗ್ಗೆ ಇನ್ನೊಂದು ಸಂಗತಿ. ಅದರ ಹಳೆಯ ಪೆಟ್ರೋಲ್ ಎಂಜಿನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನ ಬಿ ಸೀರೀಸ್. ನಾಲ್ಕು ಸಿಲಿಂಡರಿದ್ದರೂ ಹೊಗೆಯ ಬಾಯಿ ಇರುವುದು ಮೂರೇ. ನಡುವಿನ ಎರಡು ಮತ್ತು ಮೂರನೆಯ ಸಿಲಿಂಡರುಗಳು ಒಂದೇ ಬಾಯಿಯನ್ನು ಹಂಚಿಕೊಂಡಿವೆ. ಕಿಡಿ ಹತ್ತುವ ಕ್ರಮ 1-3-4-2 ಆದ್ದರಿಂದ ಇವೆರಡರ ಹೊಗೆಯ ನಡುವೆ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತಿನ ಅಂತರವಿದೆ, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಮಾರುತಿ 800ರಲ್ಲಿ ಸಿಲಿಂಡರೇ ಮೂರು, ಹೊಗೆಯ ಅಂತರ 240 ಡಿಗ್ರಿ. ಅಲ್ಲೂ ಜಗಳ ಕಡಿಮೆ. ಬೇರೆ ಬೇರೆ ಸಿಲಿಂಡರಿನ ಹೊಗೆಯನ್ನು ಬಿಡಿಸುವುದು ಹೆಡರಿನ ದೊಡ್ಡ ಉಪಕಾರ ಅನ್ನುತ್ತಾರಲ್ಲ, ಈ ಎರಡು ಕಾರುಗಳಲ್ಲಿ ಆ ಉಪಕಾರದ ಒಂದು ಪಾಲು ಹುಟ್ಟಿನಿಂದಲೇ ಬಂದಿದೆ. ಹಾಗಾಗಿ ಮೈಲೇಜಿನ ಆಸೆಗೆ ದುಡ್ಡು ಹಾಕಬೇಡಿ.

ಹಾಗಾದರೆ ಅಗ್ಗದ್ದೂ ದುಬಾರಿಯೂ ಒಂದೇಯೇ? ಅಲ್ಲ. ಲೋಹ ಬೇರೆ, ವೆಲ್ಡಿಂಗ್ ಬೇರೆ. ಕಡಲ ಕರೆಯಲ್ಲಿ ಇರುವವರು ನೋಡಬೇಕಾದದ್ದು ಅದನ್ನೇ.

ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಅಲೆ ಕಲ್ಲಿಗೆ ಬಡಿದು ಎದ್ದ ತುಂತುರು ಗಾಜಿನ ಮೇಲೆ ಕೂತರೆ ವೈಪರ್ ಹಾಕಿದಷ್ಟೂ ಮಬ್ಬು ಬಳಿದಂತಾಗುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಗಾಜಿನ ಮೇಲೆ ಕೂತ ಉಪ್ಪೇ ಬಾನೆಟ್ಟಿನ ಕೆಳಗೂ ಕೂರುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡಾ 33ರಷ್ಟಿದ್ದರೂ ಸಾಕು. ಹಾಗಾಗಿ ಗಂಗೊಳ್ಳಿಯಲ್ಲೋ ಬೈಂದೂರಿನಲ್ಲೋ ಅಂಗಳದಲ್ಲಿ ನಿಂತ ಕಾರಿನ ತಣ್ಣಗಾದ ಕಬ್ಬಿಣಕ್ಕೆ, ಮಳೆ ಬಾರದಿದ್ದರೂ, ರಾತ್ರಿಯಿಡೀ ಉಪ್ಪುನೀರಿನ ತೆಳು ಪೊರೆ ಅಂಟಿಕೊಂಡಿರುತ್ತದೆ. ಬೆಳಿಗ್ಗೆ ಎಂಜಿನ್ ಬಿಸಿಯಾದಾಗ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಸಿದ್ದಾಪುರ, ಹಾಲಾಡಿ, ಕೊಲ್ಲೂರಿನ ಕಡೆ ಒಳನಾಡಿಗೆ ಹೋದಂತೆ ಈ ಕಾಟ ಬೇಗ ಕಡಿಮೆಯಾಗುತ್ತದೆ. ಅಲ್ಲಿಯ ಕಾರಿಗೂ ದಡದ ಕಾರಿಗೂ ಒಂದೇ ಸಲಹೆ ಕೊಡಲಾಗದು.

ಸ್ಟೇನ್‌ಲೆಸ್ ಸ್ಟೀಲಿಗೆ ಉಪ್ಪಿನ ಹೆದರಿಕೆ ಇಲ್ಲ ಎಂದು ಜನ ನಂಬುತ್ತಾರೆ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಯ ಸವಕಳಿಗೆ ಪರಿಹಾರ ಹುಡುಕುತ್ತ ಸುಮಾರು 13 ಶೇಕಡಾ ಕ್ರೋಮಿಯಂ ಸೇರಿಸಿದ ಉಕ್ಕು ಎರಕ ಹೊಯ್ದ, ಅದು ಸುಲಭಕ್ಕೆ ತುಕ್ಕು ಹಿಡಿಯಲಿಲ್ಲ. ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ, ಗೀರಿದರೂ ಮತ್ತೆ ಕಟ್ಟುತ್ತದೆ. ಆದರೆ ಕ್ಲೋರೈಡ್ ಆ ಪೊರೆಯ ವೈರಿ. ಅಡುಗೆಮನೆಯ ಪಾತ್ರೆಗೆ ಕೊಡುವ ಕಷ್ಟಕ್ಕೂ 600 ಡಿಗ್ರಿಯ ಹೆಡರಿಗೆ ಕೊಡುವ ಕಷ್ಟಕ್ಕೂ ಹೋಲಿಕೆಯೇ ಇಲ್ಲ. ಆ ಬಿಸಿಯಲ್ಲಿ ಉಪ್ಪು ಕ್ರೋಮಿಯಂ ಪೊರೆಯೊಂದಿಗೇ ವರ್ತಿಸಿ ಅದನ್ನು ಒಡೆಯುತ್ತದೆ, ಕ್ಲೋರಿನ್ ಒಳಗಿಳಿಯುತ್ತದೆ. ಎಕ್ಸಾಸ್ಟಿಗೆಂದು ಉಕ್ಕು ತಯಾರಿಸುವವರು ಮಾದರಿಯನ್ನು ಉಪ್ಪುನೀರಿನಲ್ಲಿ ಅದ್ದಿ, ಕಾಯಿಸಿ, ತಣಿಸಿ, ಮತ್ತೆ ಅದ್ದಿ ಪರೀಕ್ಷಿಸುವುದು ಇದೇ ಕಾರಣಕ್ಕೆ.

ಅಂಗಡಿಯಲ್ಲಿ ನಡೆಯುವ ಪರೀಕ್ಷೆ ಬೇರೆ: ಅಯಸ್ಕಾಂತ ಹಿಡಿಯುವುದು. ಅಂಟದಿದ್ದರೆ ಅಸಲಿ ಸ್ಟೇನ್‌ಲೆಸ್, ಅಂಟಿದರೆ ನಕಲಿ ಎಂಬ ನಂಬಿಕೆ. ಹೆಡರಿನ ವಿಷಯದಲ್ಲಿ ಇದು ಪೂರ್ತಿ ದಾರಿ ತಪ್ಪಿಸುತ್ತದೆ. 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುವ 304 ಗ್ರೇಡಿನ ಸ್ಟೇನ್‌ಲೆಸ್ ಅಂಟುವುದಿಲ್ಲ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ 202 ಸಹ ಅಂಟುವುದಿಲ್ಲ. ಕಾರು ಕಂಪನಿಗಳು ಎಕ್ಸಾಸ್ಟಿಗೆ ಧಾರಾಳವಾಗಿ ಬಳಸುವ 409, ಸುಮಾರು 11 ಶೇಕಡಾ ಕ್ರೋಮಿಯಂ ಇರುವಂಥದ್ದು, ಚೆನ್ನಾಗಿಯೇ ಅಂಟುತ್ತದೆ. ಅದು ಮೇಲೆ ಕಂದು ಬಣ್ಣಕ್ಕೆ ತಿರುಗಿ ಕಣ್ಣಿಗೆ ಅಂದ ಕಾಣದು, ಆದರೆ ಬಿಸಿಗೆ ಹಿಗ್ಗುವುದು ಕಡಿಮೆ. ಗ್ರೇಡ್ ಗೊತ್ತಾಗಬೇಕಾದರೆ ಪರೀಕ್ಷೆಯ ದ್ರಾವಣದ ಒಂದು ಹನಿ ಹಾಕಿ ಪುಟ್ಟ ಬ್ಯಾಟರಿ ಮುಟ್ಟಿಸಿ ನೋಡುವ ಕಿಟ್ ಸಿಗುತ್ತದೆ. ಹನಿ ಕೆಂಪಾದರೆ ಮ್ಯಾಂಗನೀಸ್ ಹೆಚ್ಚು. ದುಬಾರಿ ಹೆಡರ್ ಕೊಳ್ಳುವವರು ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಲೇಬೇಕು.

ಹಿಗ್ಗುವ ಮಾತು ಸಣ್ಣದಲ್ಲ. ಅರ್ಧ ಮೀಟರ್ ಪೈಪು 600 ಡಿಗ್ರಿಯಷ್ಟು ಬಿಸಿಯೇರಿದರೆ ಸಾದಾ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪು 4 ಮಿಲಿಮೀಟರಿಗೆ ಹತ್ತಿರ ಹಿಗ್ಗುತ್ತದೆ, 304 ಐದಕ್ಕೂ ಮೇಲೆ. ಎಂಜಿನ್ನಿನ ಹೆಡ್ಡು ಮಾತ್ರ ನೀರಿನಿಂದ ತಣ್ಣಗಿದ್ದು ಅಲುಗಾಡುವುದಿಲ್ಲ. ಈ ಎಳೆದಾಟವೆಲ್ಲ ಬಂದು ಬೀಳುವುದು ಪೈಪು ಫ್ಲೇಂಜಿಗೆ ಸೇರುವ ವೆಲ್ಡಿಂಗಿನ ಮೇಲೆ. ಹೆಡರ್ ಸೀಳುವುದು ಹೆಚ್ಚಾಗಿ ಅಲ್ಲೇ. ಸಾಲದ್ದಕ್ಕೆ 304ನ್ನು 425ರಿಂದ 850 ಡಿಗ್ರಿಯೊಳಗೆ ಬಹಳ ಹೊತ್ತು ಇಟ್ಟರೆ ಅದರ ಕ್ರೋಮಿಯಂ ಇಂಗಾಲದೊಂದಿಗೆ ಸೇರಿಕೊಂಡು ಹರಳುಗಳ ಅಂಚು ಬಡವಾಗುತ್ತದೆ, ತುಕ್ಕು ಅಲ್ಲಿಂದ ನುಸುಳುತ್ತದೆ. ಇಂಗಾಲ ಕಡಿಮೆಯಿರುವ 304ಎಲ್ ಅಥವಾ ಟೈಟಾನಿಯಂ ಸೇರಿಸಿದ 321 ಇದನ್ನು ಬಹಳಷ್ಟು ತಡೆಯುತ್ತವೆ. ನಿಜವಾದ ದುಬಾರಿ ಹೆಡರಿನಲ್ಲಿ ಹಣ ಹೋಗಬೇಕಾದದ್ದು ಇಲ್ಲಿಗೆ.

ಕೊಳ್ಳುವ ಮೊದಲು ಮೊಬೈಲಿನ ಟಾರ್ಚ್ ಹಾಕಿ ಪೈಪಿನ ಒಳಗೆ ನೋಡಿ. ಹೊರಗಿನ ವೆಲ್ಡಿಂಗ್ ಎಲ್ಲರೂ ಚೆಂದ ಮಾಡುತ್ತಾರೆ. ಸ್ಟೇನ್‌ಲೆಸ್ ಬೆಸೆಯುವಾಗ ಒಳಗೂ ಆರ್ಗಾನ್ ಅನಿಲ ತುಂಬಿದ್ದರೆ ಒಳಗಿನ ಗೆರೆ ನುಣ್ಣಗೆ, ಬೆಳ್ಳಿ ಅಥವಾ ಹೊಂಬಣ್ಣದಲ್ಲಿ ಇರುತ್ತದೆ. ತುಂಬಿರದಿದ್ದರೆ ಕರಿ ಹರಳು ಹರಳಾದ ಒರಟು ಕಕ್ಕು ಎದ್ದಿರುತ್ತದೆ. ಅದು ಸುಟ್ಟ ಲೋಹ, ಅಲ್ಲಿ ಕ್ರೋಮಿಯಂ ಪೊರೆಯ ಆಸರೆ ಇಲ್ಲ. ಅಂಥದ್ದಕ್ಕೆ ನಾಲ್ಕು ಪಟ್ಟು ಕೊಡುವುದು ಖಂಡಿತ ಬೇಡ.

ಬೈಂದೂರಿನವರಿಗೆ ನನ್ನ ಸಲಹೆ ಇದು. ಮೊದಲು ಬೀಡಿನ ಹಳೆಯ ಮ್ಯಾನಿಫೋಲ್ಡನ್ನೇ ಹುಡುಕಿ. ಅದರ ದಪ್ಪ ಗೋಡೆಗೆ ಉಪ್ಪು ಹಲವು ವರ್ಷ ತಿಂದರೂ ಮುಗಿಯದಷ್ಟು ಲೋಹವಿದೆ. ಸಿಗದಿದ್ದರೆ ಕುಂದಾಪುರದಲ್ಲೇ ಮಾಡಿಸಿ, ಆದರೆ 16 ಗೇಜಿಗಿಂತ ತೆಳುವಾದ ಪೈಪು ಬೇಡ. ಸತು ಲೇಪಿಸಿದ ಜಿ.ಐ. ಪೈಪಂತೂ ಬೇಡವೇ ಬೇಡ: ಅದರ ಸತು 419 ಡಿಗ್ರಿಗೇ ಕರಗುತ್ತದೆ, ವೆಲ್ಡ್ ಮಾಡುವವರ ಎದೆಗೂ ಆ ಹೊಗೆ ಕೆಟ್ಟದ್ದು. ಬಿ ಸೀರೀಸಿನಲ್ಲಿ ಇನ್‌ಟೇಕೂ ಎಕ್ಸಾಸ್ಟೂ ಎಂಜಿನ್ನಿನ ಒಂದೇ ಮಗ್ಗುಲಲ್ಲಿವೆ, ಎರಡರ ಫ್ಲೇಂಜನ್ನೂ ಒಂದೇ ಸ್ಟಡ್ಡಿನ ದಪ್ಪ ವಾಷರ್ ಒತ್ತಿ ಹಿಡಿಯುತ್ತದೆ. ಹೊಸ ಫ್ಲೇಂಜಿನ ದಪ್ಪ ಇನ್‌ಟೇಕಿನದಕ್ಕೆ ಸರಿಹೊಂದದಿದ್ದರೆ ವಾಷರ್ ಓರೆಯಾಗಿ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ವೆಲ್ಡಿಂಗ್ ಮುಗಿದ ಮೇಲೆ ಮೂರೂ ಬಾಯಿಗಳ ಮುಖ ಒಂದೇ ಮಟ್ಟಕ್ಕೆ ಉಜ್ಜಿಸಿ. ರೇಸ್ ಕಾರಿನಂತೆ ಪೈಪಿಗೆ ಬಟ್ಟೆಪಟ್ಟಿ ಸುತ್ತಿಸಬೇಡಿ, ದಡದಲ್ಲಿ ಅದು ಉಪ್ಪನ್ನೂ ತೇವವನ್ನೂ ಲೋಹಕ್ಕೆ ಒತ್ತಿ ಹಿಡಿದಿಡುತ್ತದೆ. ಸೈಲೆನ್ಸರ್ ತೆಗೆಸಿ ಸದ್ದು ಹೆಚ್ಚಿಸಿಕೊಂಡರೆ ಮೋಟಾರು ವಾಹನ ಕಾಯ್ದೆಯ 190(2) ಕಲಮಿನಡಿ ದಂಡ ಬೀಳುತ್ತದೆ.

ಬಿರುಕು ಬಿಟ್ಟ ಮ್ಯಾನಿಫೋಲ್ಡಿನಲ್ಲಿ ಮಾತ್ರ ಇನ್ನು ಓಡಿಸಬೇಡಿ. ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹಳೆಯ ಕಾರಿನ ಡ್ಯಾಶ್‌ಬೋರ್ಡಿನ ಹಿಂದಿನ ತಗಡಿನಲ್ಲಿ ತೂತುಗಳಿರುವುದು ಮಾಮೂಲು, ಹೊಗೆ ಅಲ್ಲಿಂದ ಒಳಗೆ ಬರುತ್ತದೆ. ಮಳೆಗೆ ಗಾಜು ಏರಿಸಿ ಕೂತಾಗ ತಲೆಭಾರ, ವಾಕರಿಕೆ ಬಂದರೆ ಸೆಕೆಯೆಂದು ಸುಮ್ಮನಿರದೆ ಕಾರು ನಿಲ್ಲಿಸಿ ಕೆಳಗಿಳಿಯಿರಿ. ಹೊಸ ಹೆಡರ್ ಕೂರಿಸಿ ಒಮ್ಮೆ ಬಿಸಿಯಾಗಿ ತಣಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಿಸಿ. ಮರುದಿನ ಬೆಳಿಗ್ಗೆ ಗ್ಯಾರೇಜಿನಲ್ಲೇ, ತಣ್ಣಗಿರುವಾಗ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ, ಎಂಜಿನ್ ಶುರು ಮಾಡಿ, ಸೈಲೆನ್ಸರಿನ ಬಾಯಿಗೆ ದಪ್ಪ ಬಟ್ಟೆಯನ್ನು ಒಂದು ಕ್ಷಣ ಒತ್ತಿ ಹಿಡಿಯಲು ಯಾರಿಗಾದರೂ ಹೇಳಿ. ಗುಳ್ಳೆ ಎದ್ದ ಕಡೆ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ, ಗ್ಯಾರೇಜಿನಿಂದ ಹೊರಡುವ ಮೊದಲೇ ಅದನ್ನು ಬಿಚ್ಚಿಸಿ ಮತ್ತೆ ಕೂರಿಸಿ.