ಚುಕ್ಕೆಯ ಬಟ್ಟೆಗೆ ಕುಣಿತದ ಹೆಸರು

ಹುಣಸೂರು, ಎಚ್.ಡಿ. ಕೋಟೆ ಕಡೆಯ ಮಕ್ಕಳಿಗೆ ಚುಕ್ಕೆಯ ಉಡುಪು ಎಂದರೆ ನಾಗರಹೊಳೆಯ ಜಿಂಕೆ ನೆನಪಾದೀತು. ಮನುಷ್ಯ ಚುಕ್ಕೆ ಉಟ್ಟ ಕಥೆಯೂ ಹಳೆಯದೇ. 7ನೇ ಶತಮಾನದ ಬಾಣಭಟ್ಟನ ‘ಹರ್ಷಚರಿತ’ದಲ್ಲಿ ರಾಜ್ಯಶ್ರೀಯ ಮದುವೆಗೆಂದು ಬಟ್ಟೆಗೆ ಗಂಟು ಕಟ್ಟಿ ಬಣ್ಣ ಹಾಕುವ ಪ್ರಸ್ತಾಪವಿದೆ.

ಬಟ್ಟೆಯನ್ನು ಚಿವುಟಿ ಹಿಡಿದು, ದಾರದಿಂದ ಬಿಗಿದು ಬಣ್ಣದಲ್ಲಿ ಅದ್ದಿದರೆ ಗಂಟಿನೊಳಕ್ಕೆ ಬಣ್ಣ ಇಳಿಯದು. ಗಂಟು ಬಿಚ್ಚಿದರೆ ಅಲ್ಲೊಂದು ಚುಕ್ಕೆ! ಗುಜರಾತಿನ ಬಾಂಧನಿ, ಮಧುರೆಯ ಸುಂಗುಡಿ ಸೀರೆಗಳು ಹುಟ್ಟಿದ್ದು ಹೀಗೆ.

ಒಂದೇ ಅಳತೆಯ, ಒಂದೇ ಅಂತರದ ಚುಕ್ಕೆ ಸುಲಭವಾದದ್ದು 19ನೇ ಶತಮಾನದಲ್ಲಿ, ಯಂತ್ರಗಳು ಬಂದ ಮೇಲೆ. 1840ರ ದಶಕದಲ್ಲಿ ಬೊಹಿಮಿಯಾದ ‘ಪೋಲ್ಕಾ’ ಕುಣಿತ ಯುರೋಪಿಗೆಲ್ಲ ಹುಚ್ಚು ಹಿಡಿಸಿತ್ತು. ವ್ಯಾಪಾರಿಗಳು ಕಂಡ ಕಂಡ ಸರಕಿಗೆಲ್ಲ ಆ ಹೆಸರಿಟ್ಟರು. ಹೆಂಗಸರ ಬಿಗಿ ಕುಪ್ಪಸಕ್ಕೂ ಅದೇ ಹೆಸರು; ರವಿಕೆಗೆ ನಮ್ಮಲ್ಲಿ ಹಲವೆಡೆ ‘ಪೋಲಕ’ ಎನ್ನುವುದು ಆ ನಂಟಿನಿಂದಲೇ ಇರಬಹುದು. ಕುಣಿತ ಹಿಂದೆ ಸರಿಯಿತು, ಚುಕ್ಕೆಗೆ ಅಂಟಿದ ಹೆಸರು ಉಳಿಯಿತು.

ಭಾರತದಲ್ಲಿ ಅದಕ್ಕೆ ಸಿನಿಮಾ ಹೆಸರೂ ಸಿಕ್ಕಿತು. 1973ರಲ್ಲಿ ರಾಜ್ ಕಪೂರ್ ಅವರ ‘ಬಾಬಿ’ ಚಿತ್ರದಲ್ಲಿ ಡಿಂಪಲ್ ಕಪಾಡಿಯಾ ತೊಟ್ಟ ಚುಕ್ಕೆಯ ರವಿಕೆ ‘ಬಾಬಿ ಪ್ರಿಂಟ್’ ಆಗಿ ಮನೆಮಾತಾಯಿತು. ಇಂದು ಮಕ್ಕಳು ಹೊಸದೆಂದು ಕೇಳುವ ಚುಕ್ಕೆ ಅಮ್ಮಂದಿರ, ಅಜ್ಜಿಯರ ಕಾಲದ ಫ್ಯಾಷನ್ನೇ.

ಕೈಗಂಟಿನ ಬೆಲೆ ಕೊಟ್ಟು ಅಚ್ಚಿನ ಬಟ್ಟೆ ತಂದರೆ ನಷ್ಟ ನಮಗಷ್ಟೇ ಅಲ್ಲ, ದಿನಗಟ್ಟಲೆ ಗಂಟು ಕಟ್ಟಿದ ಕೈಗಳಿಗೂ. ಆದ್ದರಿಂದ ಕೆ.ಆರ್. ನಗರವೋ ಪಿರಿಯಾಪಟ್ಟಣವೋ, ಅಂಗಡಿಯಲ್ಲಿ ಸೆರಗನ್ನು ತಿರುವಿ ನೋಡಿ. ಗಂಟಿನ ಚುಕ್ಕೆಗಳು ಒಂದರಂತೆ ಇನ್ನೊಂದಿರವು. ಎರಡೂ ಬದಿ ಕಾಣುತ್ತವೆ. ಅಚ್ಚಿನವು ಸಾಮಾನ್ಯವಾಗಿ ಹಿಂಬದಿಯಲ್ಲಿ ಮಂಕು.