ಅಪ್ಪ-ಅವ್ವನ ಸಾಬರಮತಿ ವಾರ

ಅಹಮದಾಬಾದಿಗೆ ಬಂದ ಅಪ್ಪ-ಅವ್ವ ಮಾಲ್ ಕೇಳಲಿಲ್ಲ, ಪಟೋಲಾ ಸೀರೆ ಕೇಳಲಿಲ್ಲ. ವಾರವಿಡೀ ಸಾಬರಮತಿ ಆಶ್ರಮಕ್ಕೇ ಹೋದರು. ಇಬ್ಬರೂ ಹಾವೇರಿ ಕಡೆ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಯಾರೂ ಒಪ್ಪಿಸಿದ ಸೇವೆಯಲ್ಲ. ಅವ್ವ ಹೃದಯಕುಂಜದ ಸುತ್ತ ಬಿದ್ದ ಎಲೆ, ಪ್ರವಾಸಿಗರು ಬಿಟ್ಟ ಬಾಟಲಿ ಆರಿಸುತ್ತಿದ್ದಳು. ಕನ್ನಡ ಕಿವಿಗೆ ಬಿದ್ದರೆ ಸಾಕು, ಅಪ್ಪ ಮೈಲಾರ ಮಹಾದೇವಪ್ಪನವರ ಕಥೆ ಶುರು ಮಾಡುತ್ತಿದ್ದರು.

1930ರ ಮಾರ್ಚ್ 12ರಂದು ಗಾಂಧೀಜಿ ಜೊತೆ ಇಲ್ಲಿಂದ ದಂಡಿಗೆ ಹೊರಟ 78 ಮಂದಿಯಲ್ಲಿ ಮೋಟೆಬೆನ್ನೂರಿನ ಈ ಹುಡುಗನೂ ಇದ್ದ. ವಯಸ್ಸು 18.

"ಆರು ವರ್ಷ ಆತು, ಇಲ್ಲೇ ಅದೀ. ಇಷ್ಟೂ ಗೊತ್ತಿಲ್ಲೇನಪಾ?" ಅಂದರು ಅಪ್ಪ. ಎಂ.ಟೆಕ್ ಮಾಡಿದ ನನಗೆ ಗೊತ್ತಿರಲಿಲ್ಲ. ಆಶ್ರಮಕ್ಕೆ ಹೋಗಿದ್ದೇ ಒಮ್ಮೆ, ಅದೂ ಕಂಪನಿಯ ಅತಿಥಿಗಳ ಜೊತೆ.

ಶನಿವಾರ ವಡೋದರಾ, ಸೂರತ್ ದಾಟಿ ದಂಡಿಗೆ ಹೋದೆವು. ಅವರು 24 ದಿನ ನಡೆದರು. ನಮಗೆ ಟ್ರಾಫಿಕ್, ಚಹಾ ಸೇರಿ ಆರು ತಾಸು. ಅಷ್ಟಕ್ಕೇ ನನಗೆ ಸೊಂಟ ನೋವು. ಸ್ಮಾರಕದಲ್ಲಿ ಪಾದಯಾತ್ರಿಗಳ ಪ್ರತಿಮೆಗಳ ಸಾಲು. ಅಪ್ಪ ಒಂದೊಂದೇ ಮುಖ ನೋಡುತ್ತ ನಡೆದು, ಒಂದು ಎಳೆಯ ಮುಖದ ಮುಂದೆ ನಿಂತುಬಿಟ್ಟರು.

1943ರ ಏಪ್ರಿಲ್ 1ರಂದು ಹೊಸರಿತ್ತಿಯ ಕಂದಾಯ ಕೇಂದ್ರದ ಮೇಲೆ ದಾಳಿ ಮಾಡಿದಾಗ ಮಹಾದೇವಪ್ಪ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ.

"ಆಗ 31. ನಿನಗಿಂತ ಸಣ್ಣಾವ" ಅಂದರು ಅಪ್ಪ. ನನಗೀಗ 34.

ಭಾನುವಾರ ಮತ್ತೆ ಆಶ್ರಮ. ದಾವಣಗೆರೆಯ ಕುಟುಂಬವೊಂದು ಸಿಕ್ಕಿತು. ಅಪ್ಪನಿಗೆ ಕೆಮ್ಮು, ಕಥೆ ನಾನೇ ಹೇಳಿದೆ. ಹೊಸರಿತ್ತಿ ಅನ್ನುವ ಬದಲು ಹಿರೇಕೆರೂರು ಅಂದೆ. ಕೆಮ್ಮುತ್ತಲೇ ತಿದ್ದಿದರು.